‘ರನ್’ ಎಂದರೆ ಓಡುವುದೊಂದೇ ಅಲ್ಲ

ಇಂಗ್ಲಿಷಿನಲ್ಲಿ ಕಷ್ಟದ ಪದ ಯಾವುದು ಎಂದು ಯಾರಾದರೂ ಕೇಳಿದರೆ ನಮ್ಮ ಬೆರಳು ಉದ್ದುದ್ದ ಪದಗಳ ಕಡೆಗೆ ಹೋಗುತ್ತದೆ. ನಾಲಿಗೆ ಹೊರಳದ ವೈದ್ಯಕೀಯ ಪದಗಳು, ಕಾನೂನಿನ ಲ್ಯಾಟಿನ್ ಪದಗಳು ನೆನಪಿಗೆ ಬರುತ್ತವೆ. ನಿಘಂಟು ಕಟ್ಟುವವರನ್ನು ಕೇಳಿದರೆ ಉತ್ತರ ತಿರುವುಮುರುವಾಗುತ್ತದೆ. ಉದ್ದನೆಯ ಪದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ. ಅದನ್ನು ಬರೆದು ಮುಂದಕ್ಕೆ ಹೋಗಬಹುದು. ಅವರ ನಿದ್ದೆಗೆಡಿಸುವುದು ಎರಡು ಮೂರು ಅಕ್ಷರದ ಪುಟ್ಟ ಕ್ರಿಯಾಪದಗಳು.

1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲಿ ಇದೇ ಗೋಳನ್ನು ತೋಡಿಕೊಂಡಿದ್ದಾರೆ. ಕೆಲವು ಕ್ರಿಯಾಪದಗಳು ತಮ್ಮ ಮೊದಲ ಅರ್ಥದಿಂದ ಎಷ್ಟು ದೂರ ಅಲೆದುಹೋಗಿವೆ ಎಂದರೆ ಅವುಗಳ ಜಾಡು ಹಿಡಿಯುವುದೇ ದುಸ್ತರ ಎನ್ನುತ್ತಾರೆ. ಕಮ್, ಗೆಟ್, ಗಿವ್, ಪುಟ್, ಸೆಟ್, ಟೇಕ್ ಎಂದು ಅಪರಾಧಿಗಳ ಪಟ್ಟಿಯನ್ನೂ ಕೊಡುತ್ತಾರೆ. ಅದರಲ್ಲಿ ‘ರನ್’ ಕೂಡ ಇದೆ. ಬಿರುಗಾಳಿಗೆ ಸಿಕ್ಕಿ ತೂಗಾಡುವ ತೋಪನ್ನು, ನೀರಿನಲ್ಲಿ ಬಿದ್ದ ಅದರ ಬಿಂಬವನ್ನು ನೋಡಿ ಕರಾರುವಾಕ್ಕಾಗಿ ಚಿತ್ರಿಸಲು ಸಾಧ್ಯವೇ? ಈ ಪದಗಳನ್ನು ನಿಘಂಟಿನಲ್ಲಿ ಹಿಡಿದಿಡುವುದೂ ಅಷ್ಟೇ ಸಾಧ್ಯ ಎಂದು ಜಾನ್ಸನ್ ಕೈಚೆಲ್ಲುತ್ತಾರೆ. ಕೈಚೆಲ್ಲಿದ ಮೇಲೂ ಬಿಡಲಿಲ್ಲ, ಬರೆದರು ಅನ್ನಿ.

ಆಮೇಲೆ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಬಹುಕಾಲ ‘ಸೆಟ್’ ಪದದ್ದೇ ದರ್ಬಾರು. 1989ರ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥಗಳಿದ್ದವು. ಆ ಒಂದು ಪದದ ವಿವರಣೆಯೇ ಸುಮಾರು 60,000 ಪದಗಳಷ್ಟು, ಅಂದರೆ ಒಂದು ಸಣ್ಣ ಕಾದಂಬರಿಯಷ್ಟು ಇತ್ತು. ಮೂರನೆಯ ಆವೃತ್ತಿಗಾಗಿ ಪರಿಷ್ಕರಣೆ ನಡೆಯುತ್ತಾ 2011ರ ಹೊತ್ತಿಗೆ ಪಟ್ಟ ಕೈ ಬದಲಾಯಿತು. ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥಗಳು ಸಿಕ್ಕಿದ್ದವು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದು ನಮೂದಿಗಾಗಿ ಒಂಬತ್ತು ತಿಂಗಳು ದುಡಿದಿದ್ದರು. ಈ 645ನ್ನು ಜನಗಣತಿಯ ಅಂಕಿಯಂತೆ ಓದಬೇಡಿ ಎಂದು ಮಾತ್ರ ಹೇಳುತ್ತೇನೆ. ಒಂದು ಅರ್ಥ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎನ್ನುವುದು ನಿಘಂಟುಕಾರರ ತೀರ್ಮಾನ. ಕತ್ತರಿ ಸಣ್ಣದಾದಷ್ಟೂ ತುಂಡುಗಳು ಹೆಚ್ಚು. ಕಿಸೆಯಲ್ಲಿ ಹಿಡಿಸುವ ನಿಘಂಟು ಇದೇ ಪದವನ್ನು ಹತ್ತಿಪ್ಪತ್ತು ಅರ್ಥಗಳಲ್ಲಿ ಮುಗಿಸುತ್ತದೆ, ಅದೇನೂ ಸುಳ್ಳಲ್ಲ.

ಇವತ್ತಿನ ಮಾತಿನಲ್ಲಿ ಆ 645ರ ಲೆಕ್ಕ ಒಪ್ಪಿಸುವ ಉದ್ದೇಶ ನನಗಿಲ್ಲ. ನಾನು ಹೇಳಬೇಕೆಂದಿರುವುದು ಒಂದೇ. ನಾವೆಲ್ಲ ಶಾಲೆಯಲ್ಲಿ ‘ರನ್ ಎಂದರೆ ಓಡು’ ಎಂದು ಕಲಿತೆವು. ಆ ಸಮೀಕರಣದಲ್ಲಿ ತಪ್ಪಿಲ್ಲ. ಆದರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರೆ ಈ ಪದದ ಮುಕ್ಕಾಲು ಪಾಲು ಬಳಕೆಗಳು ವಿಚಿತ್ರವಾಗಿ, ಕಂಠಪಾಠ ಮಾಡಬೇಕಾದ ಹೊರೆಯಾಗಿ ಕಾಣುತ್ತವೆ. ‘ಓಡು’ ಎಂಬುದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ‘ಹರಿ’ ಎಂಬ ಕನ್ನಡದ ಕ್ರಿಯಾಪದವನ್ನು ಇಟ್ಟು ನೋಡಿ.

ಇಂಗ್ಲಿಷ್ ಮಕ್ಕಳಲ್ಲಿ ಒಂದು ಹಳೆಯ ತಮಾಷೆ ಇದೆ. ಕಾಲು ಓಡಬೇಕು, ಮೂಗು ವಾಸನೆ ಹಿಡಿಯಬೇಕು. ನಿನ್ನ ಮೂಗು ಓಡುತ್ತದೆ, ಕಾಲು ವಾಸನೆ ಹೊಡೆಯುತ್ತದೆ, ನಿನ್ನನ್ನು ತಲೆಕೆಳಗಾಗಿ ಮಾಡಿದ್ದಾರೆ ಎಂದು. ನೆಗಡಿಯಾದವರ ಮೂಗು ಇಂಗ್ಲಿಷಿನಲ್ಲಿ ‘ರನ್’ ಆಗುತ್ತದೆ. ಓಡುವ ಕಾಲಿನಿಂದ ಯಾರೋ ಕವಿ ಮೂಗಿಗೆ ರೂಪಕ ಹೊಲಿದಿರಬೇಕು ಎಂದು ನಮಗೆ ಅನ್ನಿಸುತ್ತದೆ. ಸಂಗತಿ ಹಾಗಿಲ್ಲ. ನೀರು ಹರಿಯುವುದು, ಕಾಲು ಓಡುವುದು, ಇವೆರಡೂ ಈ ಪದಕ್ಕೆ ತೀರ ಹಳೆಯ ಕಾಲದಿಂದಲೇ ಇರುವ ಅರ್ಥಗಳು. ಮೂಗು ಯಾರಿಂದಲೂ ಎರವಲು ಪಡೆದಿಲ್ಲ.

ಕನ್ನಡಿಗರಿಗೆ ಇದು ಹೊಸದಾಗಿ ಕಾಣಬಾರದು. ಹಳಗನ್ನಡದ ‘ಪರಿ’ ಎಂಬ ಧಾತುವಿಗೆ ಓಡು ಎಂಬ ಅರ್ಥವೂ ಇತ್ತು, ಹರಿ ಎಂಬ ಅರ್ಥವೂ ಇತ್ತು. ಪಕಾರ ಹಕಾರವಾಗಿ ‘ಹರಿ’ ಉಳಿಯಿತು. ಕಾಲಿನ ಕೆಲಸವನ್ನು ‘ಓಡು’ ವಹಿಸಿಕೊಂಡಿತು, ನೀರಿನ ಕೆಲಸ ‘ಹರಿ’ಗೆ ಉಳಿಯಿತು. ನಮ್ಮಲ್ಲಿ ಹೀಗೆ ಮನೆ ಪಾಲಾಯಿತು. ಇಂಗ್ಲಿಷಿನದು ಇನ್ನೂ ಅವಿಭಕ್ತ ಕುಟುಂಬ.

ನೀರಿನ ಅರ್ಥ ಎಷ್ಟು ಗಟ್ಟಿ ಎನ್ನುವುದಕ್ಕೆ ಒಂದೆರಡು ಸಾಕ್ಷಿ ನೋಡೋಣ. ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ 1861ರ ಜುಲೈ 21ರಂದು ವರ್ಜೀನಿಯಾದಲ್ಲಿ ನಡೆಯಿತು. ಉತ್ತರದವರು ಅದನ್ನು ‘ಬುಲ್ ರನ್’ ಕದನ ಎಂದು ಕರೆದರು. ಗೂಳಿಗಳ ಓಟಕ್ಕೂ ಇದಕ್ಕೂ ಸಂಬಂಧವಿಲ್ಲ. ಬುಲ್ ರನ್ ಎಂಬುದು ಅಲ್ಲಿನ ಒಂದು ಹಳ್ಳದ ಹೆಸರು. ಅಮೆರಿಕದ ಆ ಭಾಗದಲ್ಲಿ ಸಣ್ಣ ತೊರೆಯನ್ನು ‘ರನ್’ ಎನ್ನುತ್ತಾರೆ. ದಕ್ಷಿಣದವರು ಅದೇ ಕದನಕ್ಕೆ ಹತ್ತಿರದ ಸ್ಥಳದ ಹೆಸರಿನಿಂದ ಮನಾಸಸ್ ಎಂದರು. ಆ ದಿನ ಸೋತ ಉತ್ತರದ ಸೈನಿಕರು ದಿಕ್ಕೆಟ್ಟು ವಾಷಿಂಗ್ಟನ್ನಿನ ಕಡೆಗೆ ಓಡಿದ್ದರಿಂದ ಹಳ್ಳದ ಹೆಸರಿಗೆ ಕಾಲೂ ಬಂದಂತಾಯಿತು. ಇನ್ನೊಂದು ಸಾಕ್ಷಿ ಚೀಸ್ ತಯಾರಿಸುವವರ ಬಳಿ ಇದೆ. ಹಾಲನ್ನು ಗಟ್ಟಿಯಾಗಿಸಲು ಅವರು ಬಳಸುವ ‘ರೆನೆಟ್’ ಈ ಪದದ ಬಳಗಕ್ಕೇ ಸೇರಿದ್ದು. ಹರಿದಾಡುವ ಹಾಲು ಒಂದೆಡೆ ಕೂಡಿಕೊಳ್ಳುತ್ತದೆ ಎಂಬ ಕಲ್ಪನೆ ಅದರ ಹಿಂದಿದೆ.

ಶೇಕ್ಸ್‌ಪಿಯರನ ನಾಟಕವೊಂದರಲ್ಲಿ ನಿಜವಾದ ಪ್ರೀತಿ ಎಂದೂ ಸಲೀಸಾಗಿ ಸಾಗಿದ್ದಿಲ್ಲ ಎಂಬ ಅರ್ಥದ ಸಾಲು ಬರುತ್ತದೆ. ಮೂಲದಲ್ಲಿ ಇರುವುದು ‘ಕೋರ್ಸ್’ ಮತ್ತು ‘ರನ್’, ಅಂದರೆ ನದಿಯ ಪಾತ್ರ ಮತ್ತು ಅದರ ಹರಿವು. ಓಟದ ಸ್ಪರ್ಧೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆ ಸಾಲಿನ ಸೊಗಸು ಅರ್ಧಕ್ಕರ್ಧ ಸೋರಿಹೋಗುತ್ತದೆ.

ಈಗ ವ್ಯಾಕರಣದ ಕಡೆಗೆ ಒಂದು ಸಣ್ಣ ತಿರುವು. ಬೇಸರಪಡಬೇಡಿ, ಈ ಪದದ ಅರ್ಥಗಳು ಇಷ್ಟೊಂದು ಬೆಳೆದ ಗುಟ್ಟು ಇಲ್ಲೇ ಇದೆ. ಕನ್ನಡದಲ್ಲಿ ನಾವು ‘ಇಸು’ ಎಂಬ ಪ್ರತ್ಯಯ ಹಚ್ಚುತ್ತೇವೆ. ಓಡು, ಓಡಿಸು, ಹರಿ, ಹರಿಸು, ನಡೆ, ನಡೆಸು. ತಾನೇ ಮಾಡುವುದು ಯಾವುದು, ಮಾಡಿಸುವುದು ಯಾವುದು ಎಂದು ಕಿವಿಗೇ ಗೊತ್ತಾಗುತ್ತದೆ. ಹಳೆಯ ಇಂಗ್ಲಿಷಿನಲ್ಲೂ ಹೀಗೆ ಎರಡು ಕ್ರಿಯಾಪದಗಳಿದ್ದವು. ಹರಿ, ಓಡು ಎಂಬ ಅರ್ಥದಲ್ಲಿ ‘ರಿನ್ನನ್’. ಓಡಿಸು, ಕುದುರೆ ದೌಡಾಯಿಸು ಎಂಬ ಅರ್ಥದಲ್ಲಿ ‘ಆರ್ನನ್’. ಜರ್ಮನ್ ಭಾಷೆ ಇಂದಿಗೂ ಇಂಥ ಜೋಡಿಯೊಂದನ್ನು ಬೇರೆಬೇರೆಯಾಗಿ ಕಾಪಾಡಿಕೊಂಡಿದೆ: ನೀರು ಜಿನುಗಿ ಹರಿಯುವುದಕ್ಕೆ ‘ರಿನ್ನೆನ್’, ಕಾಲಿನಿಂದ ಓಡುವುದಕ್ಕೆ ‘ರೆನ್ನೆನ್’. ಇಂಗ್ಲಿಷಿನಲ್ಲಿ ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದವರ ಮಾತಿನ ಪ್ರಭಾವವೂ ಸೇರಿ, ಶತಮಾನಗಳ ಬೆರಕೆಯಲ್ಲಿ ಎಲ್ಲವೂ ಒಂದೇ ರೂಪವಾಗಿ ಉಳಿಯಿತು. ಹೀಗಾಗಿ ಹುಡುಗ ರನ್ ಆಗುತ್ತಾನೆ, ಹುಡುಗ ಅಂಗಡಿಯನ್ನೂ ರನ್ ಮಾಡುತ್ತಾನೆ. ಕ್ರಿಯಾಪದದ ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಓಡುವುದು, ಓಡಿಸುವುದು, ಹರಿಯುವುದು, ಹರಿಸುವುದು, ನಾಲ್ಕೂ ಒಂದೇ ಕೊಡೆಯ ಕೆಳಗೆ ನಿಂತ ಮೇಲೆ ಅರ್ಥಗಳು ಹೆಚ್ಚದೆ ಏನಾದೀತು?

ಅಂಗಡಿಯ ಮಾತು ಬಂತು. ಇಂಗ್ಲಿಷಿನವರು ಅಂಗಡಿಯನ್ನು, ಶಾಲೆಯನ್ನು, ಸರ್ಕಾರವನ್ನು, ಸಂಸಾರವನ್ನು ‘ರನ್’ ಮಾಡುತ್ತಾರೆ. ನಾವು ಅಂಗಡಿ ನಡೆಸುತ್ತೇವೆ, ಶಾಲೆ ನಡೆಸುತ್ತೇವೆ, ಸಂಸಾರವನ್ನೂ ನಡೆಸುತ್ತೇವೆ. ಅವರು ಓಡಿಸುವುದನ್ನೆಲ್ಲ ನಾವು ನಡೆಸುತ್ತೇವೆ. ಇದನ್ನು ನೋಡಿ ಅವರದು ಅವಸರದ ಬದುಕು, ನಮ್ಮದು ನಿಧಾನದ ಬದುಕು ಎಂದು ತತ್ತ್ವ ಹೊಸೆಯುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಫ್ರೆಂಚರ ಯಂತ್ರಗಳು ಕೂಡ ನಡೆಯುತ್ತವೆ; ಯಂತ್ರ ಕೆಲಸ ಮಾಡುತ್ತಿದೆ ಎನ್ನಲು ಅವರು ನಡೆಯುವುದಕ್ಕೆ ಬಳಸುವ ಕ್ರಿಯಾಪದವನ್ನೇ ಬಳಸುತ್ತಾರೆ. ಅಷ್ಟಕ್ಕೇ ಅವರ ರೈಲುಗಳು ತಡವಾಗಿ ಬರುತ್ತವೆ ಎನ್ನಲಾದೀತೇ? ವೇಗ ಇಲ್ಲಿ ವಿಷಯವೇ ಅಲ್ಲ. ನಡೆಸು ಎಂದರೂ ರನ್ ಎಂದರೂ ಹೇಳುತ್ತಿರುವುದು ಒಂದನ್ನೇ: ನಿಲ್ಲದಂತೆ ನೋಡಿಕೊಳ್ಳುವುದು.

ಯಂತ್ರಗಳ ಕಾಲ ಬಂದಾಗ ಈ ಅರ್ಥಕ್ಕೆ ಸುಗ್ಗಿಯಾಯಿತು. ಗಡಿಯಾರ, ಗಿರಣಿ, ಉಗಿ ಎಂಜಿನ್, ರೈಲು, ಎಲ್ಲಕ್ಕೂ ಒಂದು ಕ್ರಿಯಾಪದ ಬೇಕಿತ್ತು. ಇದು ಕೈಗೆ ಸಿದ್ಧವಾಗಿ ಸಿಕ್ಕಿತು. ರೈಲು ಹಳಿಯ ಮೇಲೆ ಹೋಗುವುದೂ ರನ್, ಬೆಳಗಿನ ರೈಲು ಭಾನುವಾರ ಇರುವುದಿಲ್ಲ ಎಂದು ವೇಳಾಪಟ್ಟಿ ಹೇಳುವುದೂ ರನ್. ಎರಡನೆಯದರಲ್ಲಿ ರೈಲಿನ ಚಕ್ರ ಉರುಳುವ ಮಾತೇ ಇಲ್ಲ, ಒಂದು ಸೇವೆ ಜಾರಿಯಲ್ಲಿದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಆಮೇಲೆ ಕಂಪ್ಯೂಟರ್ ಬಂತು. 1964ರ ಮೇ 1ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮನಿ ಮತ್ತು ಥಾಮಸ್ ಕರ್ಟ್ಸ್ ರೂಪಿಸಿದ ‘ಬೇಸಿಕ್’ ಭಾಷೆಯ ಪ್ರೋಗ್ರಾಂಗಳು ಮೊದಲ ಬಾರಿಗೆ ಕೆಲಸ ಮಾಡಿದವು. ಗಣಿತ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂಬುದು ಅವರ ಆಸೆ. ಸಾಲುಗಳನ್ನು ಬರೆದು ಕೊನೆಯಲ್ಲಿ ‘ರನ್’ ಎಂದು ಟೈಪ್ ಮಾಡಿದರೆ ಯಂತ್ರ ಲೆಕ್ಕ ಮಾಡಿ ಉತ್ತರ ಕೊಡುತ್ತಿತ್ತು. ಮುಂದೆ ಮನೆಮನೆಯ ಸಣ್ಣ ಕಂಪ್ಯೂಟರುಗಳಿಗೂ ಅದೇ ಭಾಷೆ ಹೋಯಿತು, ಅದೇ ಆಜ್ಞೆ ಹೋಯಿತು. ಒಂದು ಇಡೀ ತಲೆಮಾರು ಯಂತ್ರದೊಂದಿಗೆ ಆಡಿದ ಮೊದಲ ಮಾತುಗಳಲ್ಲಿ ಇದೂ ಒಂದು.

ಚುನಾವಣೆಯ ವಿಷಯದಲ್ಲಿ ಇನ್ನೂ ಸೊಗಸಾದ ಭೇದವಿದೆ. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಆಗುತ್ತಾನೆ, ಓಡುತ್ತಾನೆ. ಬ್ರಿಟನ್ನಿನಲ್ಲಿ ರೂಢಿಯ ಮಾತು ‘ಸ್ಟ್ಯಾಂಡ್’. ಅಲ್ಲಿ ಅಭ್ಯರ್ಥಿ ನಿಲ್ಲುತ್ತಾನೆ. ಕನ್ನಡದಲ್ಲೂ ಚುನಾವಣೆಗೆ ನಿಲ್ಲುತ್ತಾರೆ. ಗೆದ್ದ ಮೇಲೆ ಎಲ್ಲ ದೇಶದವರೂ ಕೂರುತ್ತಾರೆ, ಅದರಲ್ಲಿ ಭೇದವಿಲ್ಲ. ಅಮೆರಿಕದ ರಾಜಕೀಯದ ಮಾತಿನಲ್ಲಿ ಕುದುರೆ ಪಂದ್ಯದ ಧೂಳು ದಂಡಿಯಾಗಿ ಮೆತ್ತಿಕೊಂಡಿದೆ. ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿಯನ್ನು ‘ರನ್ನಿಂಗ್ ಮೇಟ್’ ಎನ್ನುತ್ತಾರೆ. ಮೊದಲಿಗೆ ಅದು ಇನ್ನೊಂದು ಕುದುರೆಗೆ ವೇಗ ಹಿಡಿಸಿಕೊಡಲು ಜೊತೆಗೆ ಓಡಿಸುತ್ತಿದ್ದ ಕುದುರೆಯ ಹೆಸರು. ಉಪಾಧ್ಯಕ್ಷರಾದ ಅನೇಕರ ಪಾಡು ನೋಡಿದರೆ ಹೆಸರು ಸರಿಯಾಗಿಯೇ ಇದೆ. ಸೋತವರಿಗೆ ಅಂಟುವ ‘ಆಲ್ಸೋ ರ್‍ಯಾನ್’ ಎಂಬ ಚುಚ್ಚುಮಾತು ಕೂಡ ಪಂದ್ಯದ ಫಲಿತಾಂಶ ಪಟ್ಟಿಯಿಂದ ಬಂದದ್ದು. ಸ್ಥಾನ ಪಡೆಯದ ಕುದುರೆಗಳ ಹೆಸರನ್ನು ‘ಇವೂ ಓಡಿದವು’ ಎಂಬ ಶೀರ್ಷಿಕೆಯಡಿ ಕೊನೆಯಲ್ಲಿ ಹಾಕುತ್ತಿದ್ದರು. ‘ರನ್ನರ್ ಅಪ್’ ನಾಯಿಗಳ ಪಂದ್ಯದ ಕಡೆಯದು. ಎಲ್ಲ ಸುತ್ತು ಗೆದ್ದು ಕೊನೆಯ ಸುತ್ತೊಂದರಲ್ಲಿ ಮಾತ್ರ ಸೋತ ನಾಯಿಗೆ ಆ ಹೆಸರಿತ್ತು. ಸೌಂದರ್ಯ ಸ್ಪರ್ಧೆಯ ವೇದಿಕೆಯಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ, ಸದ್ಯ.

ಕ್ರಿಕೆಟ್ಟನ್ನು ನಾನು ಬೇಗ ದಾಟುತ್ತೇನೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಸಂಗತಿ ಮಾತ್ರ: ಹಿಂದೆ ಇಂಗ್ಲೆಂಡಿನಲ್ಲಿ ಸ್ಕೋರ್ ಇಡುವವರು ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದರು, ರನ್ನುಗಳನ್ನು ‘ನಾಚ್’ ಅಂದರೆ ಕಚ್ಚು ಎಂದೇ ಕರೆಯುತ್ತಿದ್ದರು. ಓಡಿದ್ದಕ್ಕೆ ಸಿಗುವ ಅಂಕ ಎಂಬ ಕಾರಣಕ್ಕೆ ಬಂದ ‘ರನ್’ ಎಂಬ ಹೆಸರು ಮುಂದೆ ಓಟದಿಂದಲೇ ಕಳಚಿಕೊಂಡಿತು. ಬೌಂಡರಿ ಬಾರಿಸಿದ ಬ್ಯಾಟರ್ ಕ್ರೀಸಿನಲ್ಲಿ ಗ್ಲೌಸ್ ಸರಿಮಾಡಿಕೊಳ್ಳುತ್ತಾ ನಿಂತಿರುತ್ತಾನೆ. ಖಾತೆಗೆ ನಾಲ್ಕು ‘ಓಟ’ ಸೇರುತ್ತದೆ. ನೋ ಬಾಲ್‌ಗೆ ಯಾರೂ ಏನೂ ಮಾಡದೆ ಒಂದು ರನ್. ಇನ್ನು ಇದೇ ಪದವನ್ನು ಬಹುವಚನದಲ್ಲಿ ‘ದ’ ಎಂಬ ಉಪಪದ ಸೇರಿಸಿ ಹೇಳಿದರೆ ಅದು ಭೇದಿ. ಬ್ಯಾಟರ್ ರನ್ ಗಳಿಸಿದ ಎನ್ನುವುದಕ್ಕೂ ಬ್ಯಾಟರಿಗೆ ರನ್ನುಗಳಾಗಿವೆ ಎನ್ನುವುದಕ್ಕೂ ಇರುವ ಅಂತರವನ್ನು ವೀಕ್ಷಕ ವಿವರಣೆಕಾರರು ಮರೆಯಬಾರದು.

ನಾನು ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವುದು ಬ್ಯಾಂಕಿನ ಮುಂದೆ. ‘ಬ್ಯಾಂಕಿನ ಮೇಲೆ ರನ್’ ಎಂಬ ಮಾತನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಠೇವಣಿದಾರರು ಒಮ್ಮೆಲೇ ಮುಗಿಬಿದ್ದು ಹಣ ವಾಪಸು ಕೇಳುವ ಸ್ಥಿತಿ ಅದು. ಬ್ಯಾಂಕು ನಮ್ಮ ಹಣವನ್ನು ತಿಜೋರಿಯಲ್ಲಿ ಇಟ್ಟುಕೊಂಡು ಕೂತಿರುವುದಿಲ್ಲ. ಬಹುಪಾಲನ್ನು ವರ್ಷಗಟ್ಟಲೆ ಅವಧಿಯ ಸಾಲವಾಗಿ ಕೊಟ್ಟಿರುತ್ತದೆ. ಎಲ್ಲರೂ ಒಂದೇ ದಿನ ಕೇಳಿದರೆ ಚೆನ್ನಾಗಿರುವ ಬ್ಯಾಂಕೂ ಮುಳುಗುತ್ತದೆ. ಮುಳುಗುತ್ತದೆ ಎಂಬ ಗಾಳಿಸುದ್ದಿಯೇ ಮುಳುಗಿಸಲು ಸಾಕು. ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ ಎಂಬ ಅರ್ಥಶಾಸ್ತ್ರಜ್ಞರು 1983ರಲ್ಲಿ ಈ ವಿಷವರ್ತುಲವನ್ನು ಗಣಿತದ ಮಾದರಿಯಾಗಿ ವಿವರಿಸಿದರು. 2022ರಲ್ಲಿ ಬೆನ್ ಬರ್ನಾಂಕೆಯವರ ಜೊತೆಗೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕು ಕೇಂದ್ರ ಬ್ಯಾಂಕಿನ ತುರ್ತು ನೆರವು ಕೇಳಿದೆ ಎಂಬ ಸುದ್ದಿ ಹೊರಬಿತ್ತು. ಮರುದಿನ ಅದರ ಶಾಖೆಗಳ ಮುಂದೆ ಉದ್ದುದ್ದ ಸಾಲುಗಳು. 1866ರಲ್ಲಿ ಓವರೆಂಡ್ ಗರ್ನಿ ಎಂಬ ಸಂಸ್ಥೆ ಕುಸಿದಾಗಿನ ಗಾಬರಿಯನ್ನು ಪತ್ರಿಕೆಗಳು ನೆನಪಿಸಿಕೊಂಡವು. ಆ ಸಾಲುಗಳ ಚಿತ್ರಗಳನ್ನು ನೋಡಿದರೆ ನಗು ಬರುತ್ತದೆ: ‘ರನ್’ ಎಂದು ಹೆಸರು, ಒಬ್ಬರೂ ಓಡುತ್ತಿಲ್ಲ. ಎಲ್ಲರೂ ಶಿಸ್ತಾಗಿ ನಿಂತಿದ್ದಾರೆ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಸಾಲು ಕೂಡ ಬೇಕಾಗಲಿಲ್ಲ. ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ಹಿಂತೆಗೆಯಲು ಬೇಡಿಕೆ ಬಂತು, ಹೆಚ್ಚಿನದು ಕಂಪ್ಯೂಟರ್ ಮತ್ತು ಮೊಬೈಲ್ ಮೂಲಕ. ಮರುದಿನ ಬ್ಯಾಂಕು ಬಾಗಿಲು ಹಾಕಿತು. ಜನ ಇದ್ದಲ್ಲೇ ಇದ್ದರು, ಹಣ ಹರಿದುಹೋಯಿತು. ಕಾಲಿನ ಅರ್ಥ ಪೂರಾ ಉದುರಿ ನೀರಿನ ಅರ್ಥವೊಂದೇ ಉಳಿದ ಸಂದರ್ಭಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಇನ್ನು ಕ್ರಿಯಾಪದದ ಬೆನ್ನಿಗೆ ಬಂದು ಅಂಟಿಕೊಳ್ಳುವ ಪುಟಾಣಿಗಳು: ಔಟ್, ಓವರ್, ಡೌನ್, ಅಪ್, ಇಂಟು, ಆಫ್. ಇವುಗಳ ಸಹವಾಸದಲ್ಲಿ ನಮ್ಮ ಪದ ಬಹುರೂಪಿಯಾಗುತ್ತದೆ. ಎಲ್ಲವನ್ನೂ ಹೇಳುತ್ತಾ ಹೋದರೆ ರಾತ್ರಿಯಾಗುತ್ತದೆ; ಎರಡನ್ನು ಹತ್ತಿರದಿಂದ ನೋಡೋಣ.

ಮೊದಲನೆಯದು ‘ರನ್ ಓವರ್’. ಬೈಬಲ್ಲಿನ 23ನೆಯ ಕೀರ್ತನೆಯಲ್ಲಿ, 1611ರ ಇಂಗ್ಲಿಷ್ ಅನುವಾದದಲ್ಲಿ, ಭಕ್ತ ತನ್ನ ಪಾತ್ರೆ ತುಂಬಿ ಹೊರಸೂಸುತ್ತಿದೆ ಎನ್ನುತ್ತಾನೆ. ಅಲ್ಲಿ ಇರುವುದು ಇದೇ ಜೋಡಿ. ಸಭೆ ನಿಗದಿತ ಸಮಯ ಮೀರಿದರೂ ಅದೇ ಮಾತು. ಕಾಲದ ಪಾತ್ರೆ ಉಕ್ಕಿತು. ಪಾಠವನ್ನು ಇನ್ನೊಮ್ಮೆ ಬೇಗ ನೋಡಿಕೊಳ್ಳುವುದೂ ಅದೇ. ನಾವು ‘ಕಣ್ಣು ಹಾಯಿಸು’ ಎನ್ನುತ್ತೇವೆ. ಹಾಗೆಯೇ, ವಾಹನ ಮನುಷ್ಯನ ಮೇಲೆ ಹೋದರೂ ಅದೇ. ಇಷ್ಟು ಬೇರೆಬೇರೆ ಸಂಗತಿಗಳಿಗೆ ಒಂದೇ ಮಾತೇ ಎಂದು ಹುಬ್ಬೇರಿಸುವ ಮುನ್ನ ನಮ್ಮ ದಿನಪತ್ರಿಕೆಯ ಶೀರ್ಷಿಕೆ ನೆನಪಿಸಿಕೊಳ್ಳಿ: ‘ಲಾರಿ ಹರಿದು ಬೈಕ್ ಸವಾರ ಸಾವು’. ಲಾರಿ ಎಲ್ಲಿಯಾದರೂ ಹರಿಯುತ್ತದೆಯೇ ಎಂದು ನಾವು ಯಾರೂ ಕೇಳಿದ್ದಿಲ್ಲ. ಗಮನ ಹರಿಸು, ಬೆಳಕು ಹರಿಯಿತು, ಹಾವು ಹರಿದುಹೋಯಿತು, ಬುದ್ಧಿ ಹರಿದತ್ತ ಹೋಗು, ಇವೂ ಅದೇ ಬಳ್ಳಿಯ ಕಾಯಿಗಳು. ‘ಓಡು’ ಎಂಬ ಬೀಗದ ಕೈಯಿಂದ ತೆರೆಯದ ಬಾಗಿಲನ್ನು ‘ಹರಿ’ ಹೇಗೆ ತೆರೆಯುತ್ತದೆ ನೋಡಿ.

ಎರಡನೆಯದು ‘ರನ್ ಡೌನ್’. ಅದೇ 1611ರ ಬೈಬಲ್ಲಿನಲ್ಲಿ ಆಮೋಸನೆಂಬ ಪ್ರವಾದಿ, ನ್ಯಾಯವು ನೀರಿನಂತೆ ಕೆಳಗಿಳಿದು ಹರಿಯಲಿ ಎಂದು ಗುಡುಗುತ್ತಾನೆ. ಆ ಕಾಲದ ಓದುಗನ ಕಣ್ಣ ಮುಂದೆ ಬೆಟ್ಟದಿಂದ ಧುಮ್ಮಿಕ್ಕುವ ಪ್ರವಾಹ ನಿಂತಿರುತ್ತದೆ. ಈಗ ಅದೇ ಜೋಡಿಗೆ ಹಿಡಿದಿರುವ ಗತಿ ನೋಡಿ. ಯಾರನ್ನಾದರೂ ಹೀಗಳೆಯುವುದು ರನ್ ಡೌನ್. ಬ್ಯಾಟರಿ ಖಾಲಿಯಾಗುವುದು ರನ್ ಡೌನ್. ಬಣ್ಣ ಸುಲಿದ, ಕಿಟಕಿ ಮುರಿದ ಕಟ್ಟಡ ರನ್ ಡೌನ್. ದುಡಿದು ಸೊರಗಿದ ಮನುಷ್ಯನೂ ರನ್ ಡೌನ್. ತಪ್ಪಿಸಿಕೊಂಡವನನ್ನು ಬೆನ್ನಟ್ಟಿ ಹಿಡಿಯುವುದು, ವಾಹನ ಗುದ್ದಿ ಬೀಳಿಸುವುದು, ಪಟ್ಟಿಯೊಂದನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಬರುವುದು, ಎಲ್ಲವೂ ಅದೇ. ಇಂದಿನ ಪತ್ರಿಕೆಯಲ್ಲಿ ‘ನ್ಯಾಯ ರನ್ ಡೌನ್ ಆಯಿತು’ ಎಂದು ಅಚ್ಚಾದರೆ ಪ್ರವಾದಿಯ ಹರಕೆ ಈಡೇರಿತೆಂದು ಯಾರೂ ತಿಳಿಯುವುದಿಲ್ಲ. ಹೀಗೆ ಅರ್ಥ ಕೆಟ್ಟದ್ದರ ಕಡೆಗೆ ಜಾರಿದ್ದಕ್ಕೆ ‘ರನ್’ ಹೊಣೆಯಲ್ಲ, ‘ಡೌನ್’ ಹೊಣೆ. ಗಡಿಯಾರದ ತೂಕ ಕೆಳಗಿಳಿದು ತಳ ಮುಟ್ಟಿದರೆ ಗಡಿಯಾರ ನಿಲ್ಲುತ್ತದೆ. ನಿಂತ ಗಡಿಯಾರದಿಂದ ಸೊರಗಿದ ಮನುಷ್ಯನಿಗೆ ಒಂದೇ ಹೆಜ್ಜೆ.

ಕದಲದ ವಸ್ತುಗಳೂ ಈ ಪದಕ್ಕೆ ಸಿಕ್ಕಿಬೀಳುತ್ತವೆ. ರಸ್ತೆ ನದಿಯ ಗುಂಟ ರನ್ ಆಗುತ್ತದೆ, ಗೋಡೆಯುದ್ದಕ್ಕೂ ಬಿರುಕು ರನ್ ಆಗುತ್ತದೆ, ವರದಿ 300 ಪುಟ ರನ್ ಆಗುತ್ತದೆ. ರಸ್ತೆ ಎಲ್ಲಿಗೂ ಹೋಗುವುದಿಲ್ಲ, ನೋಡುವ ಕಣ್ಣು ಹೋಗುತ್ತದೆ. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಇಂಥದ್ದನ್ನು ಕಲ್ಪಿತ ಚಲನೆ ಎಂದು ಕರೆದು ವಿವರವಾಗಿ ಅಭ್ಯಾಸ ಮಾಡಿದರು. ಕನ್ನಡದಲ್ಲೂ ‘ಈ ರಸ್ತೆ ಎಲ್ಲಿಗೆ ಹೋಗುತ್ತದೆ’ ಎಂದು ಕೇಳುತ್ತೇವೆ. ಕೇಳಿದವರಿಗೆ ‘ಇಲ್ಲೇ ಇರುತ್ತದೆ’ ಎಂದು ಉತ್ತರಿಸುವ ಕುಚೋದ್ಯಗಾರರು ಎಲ್ಲ ಭಾಷೆಗಳಲ್ಲೂ ಇದ್ದಾರೆ.

ನಾಟಕದ ಪ್ರದರ್ಶನಗಳು ಸಾಲಾಗಿ ನಡೆದರೆ ರನ್, ಪುಸ್ತಕದ ಒಂದು ಸಲದ ಮುದ್ರಣ ರನ್, ಕೋಳಿಗಳು ಓಡಾಡಲು ಬೇಲಿ ಹಾಕಿದ ಜಾಗ ರನ್, ಆಸ್ಟ್ರೇಲಿಯಾದಲ್ಲಿ ಕುರಿ ಮೇಯಿಸುವ ವಿಶಾಲ ಹುಲ್ಲುಗಾವಲೂ ರನ್. ಕಳ್ಳಸಾಗಣೆಯೂ ರನ್, 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿದ್ದಾಗ ಹಡಗುಗಳಲ್ಲಿ ಮದ್ಯ ತಂದವರು ‘ರಮ್ ರನ್ನರ್’ಗಳಾದರು. ಅದಕ್ಕೂ ಹಿಂದೆ, 1749ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಫೀಲ್ಡಿಂಗ್ ಕಟ್ಟಿದ ಪತ್ತೇದಾರರ ತಂಡವೂ ‘ಬೋ ಸ್ಟ್ರೀಟ್ ರನ್ನರ್ಸ್’ ಎಂದೇ ಹೆಸರಾಗಿತ್ತು. ಕಳ್ಳನೂ ರನ್ನರ್, ಪೊಲೀಸನೂ ರನ್ನರ್! ಅರ್ಥಶಾಸ್ತ್ರದವರ ‘ಲಾಂಗ್ ರನ್’, ಅಂದರೆ ದೀರ್ಘಾವಧಿ, ಇದೆ. ಅದರಲ್ಲಿ ನಾವೆಲ್ಲ ಸತ್ತಿರುತ್ತೇವೆ ಎಂದು ಕೇನ್ಸ್ 1923ರಲ್ಲಿ ಕುಟುಕಿದ್ದು ಪ್ರಸಿದ್ಧ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹೊಸದಾಗಿ ಇಂಗ್ಲಿಷ್ ಕಲಿಯುವವರು ಇಷ್ಟು ಅರ್ಥಗಳನ್ನು ಹೇಗೆ ನೆನಪಿಡಬೇಕು ಎಂದು ಒಬ್ಬ ಶಿಕ್ಷಕಿ ಕೇಳಿದರು. ಪಟ್ಟಿ ಮಾಡಿ ಕಲಿಸಬೇಡಿ ಮೇಡಂ ಎಂದು ಕೇಳಿಕೊಂಡೆ. ಪದವನ್ನು ಒಂಟಿಯಾಗಿ ಕೊಡದೆ ಅದರ ಜೊತೆಗಾರನೊಂದಿಗೆ ಕೊಡಿ. ಜ್ವರದ ಜೊತೆ, ನಲ್ಲಿಯ ಜೊತೆ, ಕಂಪನಿಯ ಜೊತೆ, ಕೆಂಪು ದೀಪದ ಜೊತೆ. ಕೆಂಪು ದೀಪವನ್ನು ‘ರನ್’ ಮಾಡಿದ ಎಂದರೆ ಸಿಗ್ನಲ್ ಲೆಕ್ಕಿಸದೆ ನುಗ್ಗಿದ ಎಂದರ್ಥ. ಕಂಪನಿಯನ್ನು ರನ್ ಮಾಡಿದ ಎಂಬ ವಾಕ್ಯದ ಪಕ್ಕದಲ್ಲಿ ಇದನ್ನಿಟ್ಟರೆ, ಎದುರಿನ ನಾಮಪದವೇ ಅರ್ಥವನ್ನು ನಿರ್ಧರಿಸುತ್ತಿದೆ ಎಂದು ಹತ್ತು ವರ್ಷದ ಮಗುವಿಗೂ ಹೊಳೆಯುತ್ತದೆ. ಭೂತಕಾಲದ ‘ರ್‍ಯಾನ್’ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ‘ಹ್ಯಾವ್’ ಬಂದ ಕೂಡಲೇ ಪದ ಮತ್ತೆ ‘ರನ್’ ಆಗಬೇಕು. ‘ಹ್ಯಾವ್ ರ್‍ಯಾನ್’ ಎಂಬುದು ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರ ಬಾಯಲ್ಲೂ ಆಗಾಗ ಕೇಳಿಬರುತ್ತದೆ, ಆದರೆ ಬರಹದಲ್ಲಿ ಒಪ್ಪುವುದಿಲ್ಲ.

ಇನ್ನೊಬ್ಬರು ಕನ್ನಡದ ‘ಓಡು’ ಪದಕ್ಕೂ ಹೆಂಚು, ಆಮೆಯ ಚಿಪ್ಪು ಎಂಬ ಅರ್ಥಗಳಿವೆಯಲ್ಲ, ನಾವೇನು ಕಡಿಮೆ ಎಂದರು. ಸಭೆ ನಕ್ಕಿತು. ಆದರೆ ಅದು ಬೇರೆ ಬಗೆ. ಆಮೆಯ ಓಡು ಮತ್ತು ಮೊಲದ ಓಟ, ಇವು ರೂಪ ಒಂದೇ ಆಗಿರುವ ಎರಡು ಪ್ರತ್ಯೇಕ ಪದಗಳು. ಇಂಗ್ಲಿಷಿನಲ್ಲಿ ಬಾವಲಿಗೂ ಆಟದ ದಾಂಡಿಗೂ ‘ಬ್ಯಾಟ್’ ಎನ್ನುವಂತೆ. ‘ರನ್’ ಹಾಗಲ್ಲ, ಅದರ 645 ಅರ್ಥಗಳೂ ಒಂದೇ ಮನೆತನದವು. ನಮ್ಮಲ್ಲಿ ಅದಕ್ಕೆ ಸರಿಯಾದ ಜೋಡಿ ಬೇಕೆಂದರೆ ‘ನಡೆ’, ‘ಹಿಡಿ’, ‘ಹೊಡೆ’ ಇವನ್ನು ನೋಡಬೇಕು. ದುಡ್ಡು ಹೊಡೆಯುವುದು, ಕಣ್ಣು ಹೊಡೆಯುವುದು, ಹರಟೆ ಹೊಡೆಯುವುದು, ಬಿಸಿಲು ಹೊಡೆಯುವುದು, ಗಂಟೆ ಹೊಡೆಯುವುದು, ಸಹಿ ಹೊಡೆಯುವುದು. ಕನ್ನಡ ಕಲಿಯಲು ಬಂದ ಹೊರಗಿನವರೊಬ್ಬರ ಮುಂದೆ ಈ ಪಟ್ಟಿಯನ್ನಿಟ್ಟು, ಇದರಲ್ಲಿ ಯಾರಿಗೂ ಪೆಟ್ಟು ಬೀಳುವುದಿಲ್ಲ ಎಂದು ಹೇಳಿ ನೋಡಿ ಎಂದೆ. ಪ್ರಶ್ನೆ ಎತ್ತಿದವರು ಕೂಡಲೇ ‘ನಿದ್ದೆ ಹೊಡೆಯುವುದು’ ಬಿಟ್ಟುಹೋಯಿತು ಎಂದು ಸೇರಿಸಿದರು.